ಅಪ್ಪನ ಮಣೆ

೧೦ ನವೆಂಬರ್ ೨೦೨೪, ರವಿವಾರ

ಮಂಡಿ ಸಿಡಿಯುತ್ತಿದೆ, ಸಿಡಿಯಲಿ. ಇಂದು ಮೊಮ್ಮಗಳು ಶಾಂಭವಿಯ ಲಿಂಗದೀಕ್ಷೆ. ಹೆಂಡತಿ, ಮಗಳನ್ನು ಬಿಟ್ಟು ಓಡಿಹೋಗಿದ್ದ ನನ್ನ ಮಗ ಈರೇಶ ಹೊಸ ಧೋತರ ಉಟ್ಟು ಬಂದಿದ್ದ. ಊರೆದುರು ಹುಡುಗಿಯ ಅಪ್ಪನಿಗೆಂದು ಹಾಕಿದ ಮಣೆಯ ಮೇಲೆ ಕುಳಿತು, ಆಮೇಲೆ ಕೋರ್ಟಿನಲ್ಲಿ ಮಗಳನ್ನು ತನಗೇ ಕೊಡಿಸಿರೆಂದು ಕೇಳುವ ಹಂಚಿಕೆ ಅವನದು. ಅದಕ್ಕೇ ಸೊಸೆಯ ಬಾಜು ಆ ಮಣೆಯ ಮೇಲೆ ನಾನೇ ಹೋಗಿ ಕುಳಿತೆ.

“ಏಳ ಬೇ ಯವ್ವಾ, ಅದು ಅಪ್ಪನ ಜಾಗಾ.”

“ನಾಕ್ ವರ್ಷ ಖಾಲೀನ ಇತ್ತಲ್ಲಲೇ! ಆಗ ಬಂದು ಕುಂಡ್ರಬೇಕಿತ್ತು.”

ಗಂಡ ಸತ್ತವಳು ಮಣೆಯ ಮೇಲೆ ಕೂರಬಹುದೇ ಎಂದು ಅಯ್ಯನವರು ಗೊಣಗಿದರು.

“ಲಿಂಗಾ ಕಟ್ಟಿದವ್ರಿಗೆ ಎಂಥಾ ಮೈಲಿಗಿರಿ? ನೀವು ಮಂತ್ರಾ ಹೇಳ್ರಿ” ಎಂದೆ. ಹೇಳಿದರು.

ನಾಳೆ ನವಲಗುಂದದ ಕೋರ್ಟಿನಲ್ಲಿ ಹೆತ್ತ ಮಗನ ವಿರುದ್ಧ ನನ್ನ ಸಾಕ್ಷಿ. ಹುಡುಗಿ ತಾಯಿಯ ಹತ್ತಿರವೇ ಇರಬೇಕು. ಮಂಡಿ ಎಷ್ಟೇ ಸಿಡಿಯಲಿ, ನಿಂತೇ ಹೇಳುತ್ತೇನೆ. ಅವನ ಮುಖ ನೋಡಿಯೇ...