ಗುಂಡಿ ಹಾಕಿದ ಅಂಗಿಯ ಸಾಕ್ಷ್ಯ

ಮಾನ್ಯ ಮೇಲ್ಮನವಿ ಅಧಿಕಾರಿಗಳೇ,

ಅಂಗಿಯ ಗುಂಡಿಗಳೆಲ್ಲ ಸರಿಯಾಗಿ ಹಾಕಿದ್ದವು ಎಂಬ ಒಂದೇ ಕಾರಣಕ್ಕೆ ನಿಮ್ಮ ಇಲಾಖೆ ನನ್ನ ಗಂಡನಿಗೆ ಅಂಗವಿಕಲ ಭತ್ಯೆಯನ್ನು ನಿರಾಕರಿಸಿದೆ. 'ಅರ್ಜಿದಾರರು ಅಚ್ಚುಕಟ್ಟಾದ ಉಡುಪಿನಲ್ಲಿ ಹಾಜರಾಗಿದ್ದು, ಕೈಗಳ ಕಾರ್ಯಕ್ಷಮತೆ ತೃಪ್ತಿಕರವಾಗಿದೆ' ಎಂದು ಬರೆದಿದ್ದೀರಿ. ಓದಿ ಮೊದಲು ಸಿಟ್ಟು ಬಂತು, ಆಮೇಲೆ ಹೇಸಿಗೆಯಾಯಿತು. ಆ ಹೇಸಿಗೆ ಇನ್ನೂ ಹೋಗಿಲ್ಲ.

ನನ್ನ ಗಂಡ ದರ್ಜಿ. ನರಗಳ ಕಾಯಿಲೆ ಅವರ ಎರಡೂ ಕೈಗಳ ಹಿಡಿತವನ್ನು ಕಸಿದುಕೊಂಡಿತು. ಮೊದಲು ಸೂಜಿ ಜಾರಿತು, ಆಮೇಲೆ ಕತ್ತರಿ, ಈಗ ಚಮಚವೂ ನಿಲ್ಲುವುದಿಲ್ಲ. ಆದರೆ ದರ್ಜಿಯ ಮೈಮೇಲಿನ ಅಂಗಿಯೇ ಅವನ ಅಂಗಡಿಯ ಬೋರ್ಡು ಎಂದು ಜೀವಮಾನವಿಡೀ ನಂಬಿದವರು ಅವರು. ಹಾಗಾಗಿ ತಪಾಸಣೆಯ ದಿನ ನಾನೇ ಇಸ್ತ್ರಿ ಮಾಡಿ, ತೋಳು ತೂರಿಸಿ, ಕತ್ತಿನಿಂದ ಮುಂಗೈವರೆಗೆ ಗುಂಡಿ ಹಾಕಿ ಕರೆತಂದೆ. ನಿಮ್ಮ ವೈದ್ಯರು "ಹೇಗಿದ್ದೀರಿ?" ಎಂದರು. ಇವರು "ಪರವಾಗಿಲ್ಲ ಸಾರ್, ನಡೀತಿದೆ" ಎಂದರು. ಹಾಗೆ ಕೇಳಿದವರಿಗೆ ಮರ್ಯಾದಸ್ಥರು ಬೇರೇನು ಹೇಳುತ್ತಾರೆ? ವೈದ್ಯರು ತಲೆಯೆತ್ತದೆ ಅದನ್ನೂ ಬರೆದುಕೊಂಡರು. ಕೈ ಮುಟ್ಟಿ ನೋಡಲಿಲ್ಲ, ಒಂದು ಪೆನ್ನು ಕೊಟ್ಟು ಹಿಡಿಯಿರಿ ಎನ್ನಲಿಲ್ಲ. ನಾನು ಬಾಯಿ ತೆರೆದರೆ, "ಅರ್ಜಿ ಹಾಕಿದವ್ರು ಮಾತ್ರ ಮಾತಾಡ್ಬೇಕಮ್ಮ" ಎಂದು ಸುಮ್ಮನಾಗಿಸಿದರು. ಆ ಕೋಣೆಯಲ್ಲಿ ಅಂಗಿಗೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲ.

ಮೇಲ್ಮನವಿ ಕೊಡಲು ಬಂದಾಗ ಕಿಟಕಿಯಾಚೆಯ ಗುಮಾಸ್ತರು ಕನಿಕರದಿಂದ ದನಿ ತಗ್ಗಿಸಿದರು.

"ಅಕ್ಕಾ, ವಿಚಾರಣೆಗೆ ಇಷ್ಟು ಟಿಪ್‌ಟಾಪಾಗಿ ಕರ್ಕೊಂಡು ಬರ್ಬೇಡಿ. ಗಡ್ಡ ಬಿಟ್ಟಿರ್ಲಿ, ಹರಕಲು ಬಟ್ಟೆ ಹಾಕ್ಸಿ. ನೋಡಿದ್ರೆ ಅಯ್ಯೋ ಅನ್ನಿಸ್ಬೇಕು."

ಪಾಪ, ಅವರದು ಒಳ್ಳೆಯ ಮನಸ್ಸು. ಆದರೆ ಇದೆಂಥ ಕಚೇರಿ ಸ್ವಾಮೀ? ನಿಜವಾಗಿಯೂ ಕೈಲಾಗದವನು ಇಲ್ಲಿ ಕೈಲಾಗದವನ ವೇಷವನ್ನೂ ಕಟ್ಟಬೇಕೆ? ಕ್ಷೌರ ಮಾಡಿಸಿಕೊಂಡವನಿಗೆ ಕಾಯಿಲೆಯಿಲ್ಲ ಎನ್ನುವುದು ಯಾವ ವೈದ್ಯಶಾಸ್ತ್ರ? ತಾವು ಅಧಿಕಾರಿಗಳೋ, ನಾಟಕ ಕಂಪನಿಗೆ ಪಾತ್ರಧಾರಿಗಳನ್ನು ಆರಿಸುವವರೋ?

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, "ಭತ್ಯೆ ಬರ್ದೆ ಇದ್ರೂ ಚಿಂತೆಯಿಲ್ಲ. ಹಾಗೆ ಮಾತ್ರ ನನ್ನ ಕರ್ಕೊಂಡು ಹೋಗ್ಬೇಡ" ಎಂದರು. ಚಿಂತೆ ಖಂಡಿತ ಇದೆ, ಅಧಿಕಾರಿಗಳೇ. ಈಗ ಮನೆ ನಡೆಯುವುದು ನನ್ನೊಬ್ಬಳ ಹೊಲಿಗೆಯಿಂದ. ಅವರಿಗೆ ಉಣಿಸಿ, ಮೀಯಿಸಿ, ಆಮೇಲೆ ನಾನು ಮೆಷಿನ್ ತುಳಿಯಬೇಕು. ಭತ್ಯೆ ಬರದಿದ್ದರೆ ಅಂಗಡಿ ಮುಚ್ಚುವುದೊಂದೇ ದಾರಿ.

ಅವರು ವಿಚಾರಣೆಗೆ ಇಸ್ತ್ರಿ ಅಂಗಿಯಲ್ಲೇ ಬರುತ್ತಾರೆ. ಆ ವೈದ್ಯರನ್ನೂ ಕರೆಸಿ. ಅವರೆದುರಿಗೆ, ಇವರಿಗೆ ಬಟ್ಟೆ ತೊಡಿಸಿದವರು ಯಾರೆಂದು ನನ್ನನ್ನು ಕೇಳಿ, ಉತ್ತರವನ್ನು ದಾಖಲಿಸಿ, ಆ ನಿರಾಕರಣೆಯನ್ನು ರದ್ದುಮಾಡಿ. ಇದು ನನ್ನ ಬೇಡಿಕೆ.

ಇಷ್ಟು ದಿನ ನಾನು ಬಾಗಿಲು ಹಾಕಿಕೊಂಡೇ ಅವರಿಗೆ ಬಟ್ಟೆ ತೊಡಿಸುತ್ತಿದ್ದೆ. ಮಗಳಿಗೂ ಗೊತ್ತಾಗಬಾರದು ಎಂಬುದು ಅವರ ಆಸೆ. ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಬರೆಯಲೇ ಎಂದು ಕೇಳಿದಾಗ "ಬರಿ" ಎಂದು ಗೋಡೆಯ ಕಡೆ ತಿರುಗಿಕೊಂಡರು. ಇನ್ನು ಇಡೀ ಊರಿಗೆ ಗೊತ್ತು. ಭತ್ಯೆಯನ್ನು ನೀವು ನಾಳೆಯೇ ಮಂಜೂರು ಮಾಡಬಹುದು. ಆ ಮುಚ್ಚಿದ ಬಾಗಿಲನ್ನು ಹೇಗೆ ಹಿಂದಿರುಗಿಸುತ್ತೀರಿ?

ಇಂತಿ,
ಗಂಡನ ಗುಟ್ಟನ್ನು ಬೀದಿಗೆ ತಂದ ಹೆಂಡತಿ