ಕೀಪರ್‌ನ ಎಡಭುಜ

ಅತ್ತಿಗೆಗೆ,

ಅಣ್ಣ ಬಿದ್ದಾಗ ಒಡೆದಿದ್ದ ಫೋನು ರಿಪೇರಿಯಾಗಿ ಬಂತಂತೆ. ನೀವು ಅದನ್ನ ನೋಡೋ ಮೊದಲೇ ಈ ಕಾಗದ ಸಿಗಲಿ.

ಪ್ರತಿ ಶನಿವಾರ ನಾವಿಬ್ಬರೂ ಮಾರನೇ ದಿನದ ಪಂದ್ಯದ ನಿಜವಾದ ಆಟಗಾರರನ್ನ ಆರಿಸಿ ಫೋನಲ್ಲೇ ಫುಟ್‌ಬಾಲ್ ತಂಡ ಕಟ್ಟುತ್ತಿದ್ದದ್ದು ನಿಮಗೆ ಗೊತ್ತಲ್ಲ. ಜಗಳವೆಲ್ಲ ನಮ್ಮ ಗೋಲ್‌ಕೀಪರ್‌ನ ಎಡಭುಜದ ಮೇಲೇ. ನೋವಿದ್ದವನನ್ನ ಹೊರಗೆ ಕೂರಿಸು ಅಂತ ಅಣ್ಣ. ಎರಡು ಪಂದ್ಯಕ್ಕೊಮ್ಮೆ ನೋವು ಅನ್ನೋನದು ನಾಟಕ ಅಂತ ನಾನು.

ಆ ಶನಿವಾರ ಅವನಿಂದ ಒಂದೇ ಸಾಲು ಬಂತು: ‘ಎಡಭುಜ ಹಿಡ್ಕೊಂಡಿದೆ, ನಾಳೆ ಆಗಲ್ಲ ಅನ್ಸುತ್ತೆ.’ ಯಾರ ಭುಜ ಅಂತ ಅವನು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ‘ಬರೀ ನಾಟಕ. ಇಳಿದರೆ ಎಲ್ಲಾ ಸರಿಹೋಗುತ್ತೆ’ ಅಂತ ಬರೆದೆ.

‘ಸರಿ ಬಿಡು, ಇಳೀತೀನಿ’ ಅಂದ. ‘ಇಳೀತಾನೆ’ ಅನ್ನೋಕೆ ಹೋಗಿ ಬೆರಳು ಜಾರಿದೆ ಅಂತ ನಕ್ಕುಬಿಟ್ಟೆ.

ಮಾರನೇ ಬೆಳಿಗ್ಗೆ ನಮ್ಮಿಬ್ಬರಿಗೂ ಪ್ರೆಸ್ಸಿನಲ್ಲಿ ಭಾನುವಾರದ ಪಾಳಿ; ಅಲ್ಲಿ ಕಾಗದದ ಕಟ್ಟು ಎತ್ತುತ್ತಾ ನನ್ನೆದುರೇ ಕುಸಿದ. ಡಾಕ್ಟರು ಹೃದಯ ನಿಂತುಹೋಗಿದೆ ಅಂದರು. ಕೀಪರ್ ಆ ಸಂಜೆ ಪೂರ್ತಿ ಆಡಿದನಂತೆ, ಒಂದು ಗೋಲನ್ನೂ ಬಿಡಲಿಲ್ಲವಂತೆ.

ಆ ಮೆಸೇಜುಗಳನ್ನ ಅಳಿಸಬೇಡಿ. ಮಕ್ಕಳು ದೊಡ್ಡವರಾದ ಮೇಲೆ ಓದಲಿ.

ಭಾನುವಾರ ಅವನ ಟಿಫಿನ್ ಡಬ್ಬಿ, ಕನ್ನಡಕ ತಂದುಕೊಡ್ತೀನಿ. ಬಾಗಿಲು ತೆಗೀಲೇಬೇಕು ಅಂತಿಲ್ಲ, ಜಗಲಿ ಮೇಲಿಟ್ಟು ಹೋಗ್ತೀನಿ. ಹೊರಗೆ ಕೂರಿಸಬೇಕಾಗಿದ್ದು ನನ್ನನ್ನ.

ನಿಮ್ಮ ಮೈದುನ