ತಂಗಿಯ ಬಂದರು

ಮಾರ್ಚ್ ೧೪, ಶನಿವಾರ. ಕಂಪ್ಯೂಟರ್ ಆಟದಲ್ಲಿ ನಮ್ಮ ಸಾಮ್ರಾಜ್ಯವು ಅಂತರ್ಯುದ್ಧದಿಂದ ಪಾರಾದ ಬಗೆಯನ್ನು ಯಥಾವತ್ತಾಗಿ ದಾಖಲಿಸುವುದಷ್ಟೇ ಈ ಬರಹದ ಉದ್ದೇಶ.

ಸಿಂಹಾಸನ ನನ್ನದು, ತಂಗಿಯ ಪಾಲಿಗೆ ಬಿಟ್ಟಿದ್ದು ಒಂದು ಬಂದರು. ಮೂರು ತಿಂಗಳಲ್ಲಿ ಅವಳು ಅಲ್ಲಿ ದೀಪಸ್ತಂಭವನ್ನೂ ಗ್ರಂಥಾಲಯವನ್ನೂ ಕಟ್ಟಿಸಿದ್ದಳು. ದಂಗೆಯೆದ್ದ ಸಾಮಂತರು ಸಂಧಿಗೆ ಬೆಲೆಯಾಗಿ ಆ ಬಂದರನ್ನೇ ಕೇಳಿದರು. ಅವಳು ಸ್ನಾನಕ್ಕೆ ಹೋಗಿದ್ದಾಗ ನಾನು ಒಪ್ಪಿಗೆಯ ಗುಂಡಿ ಒತ್ತಿದೆ. ಸಾಮ್ರಾಜ್ಯ ಉಳಿಯಿತು.

ತಲೆ ಒರೆಸಿಕೊಳ್ಳುತ್ತ ಬಂದವಳು ಪರದೆಯನ್ನು ನೋಡಿದಳು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ, ಅಕ್ಕ."

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆ. ಕ್ಲಾಸಿಗೇ ಫಸ್ಟ್ ಬರೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಕೊಡುತ್ತಿದ್ದಳು. ಅದು ನನಗೆ ಹೊಳೆಯಲೇ ಇಲ್ಲ.

ನಿನ್ನೆ ಉಳಿಸಿಟ್ಟ ಆಟವನ್ನು ತೆರೆದರೆ ಬಂದರು ಮರಳುತ್ತದೆ, ಯುದ್ಧವೂ ಮರಳುತ್ತದೆ. "ಅಲ್ಲಿಂದಲೇ ಮತ್ತೆ ಆಡೋಣ್ವಾ?" ಎಂದು ಮಲಗುವ ಮುನ್ನ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದಳು.

ನಾನು ಅದನ್ನು ತೆರೆಯುವುದಿಲ್ಲ.